ಯುಗಾದಿಯ ಹೊತ್ತಿಗೆ ಅರಳುವ ಹಳದಿ ಪೊದೆ: ಫಾರ್ಸಿಥಿಯಾ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿಯ ನಡುಭಾಗದಲ್ಲಿರುವ ನಮ್ಮ ಮನೆಯ ಹಿತ್ತಿಲಿನಲ್ಲಿ ಮೂರು ಫಾರ್ಸಿಥಿಯಾ ಪೊದೆಗಳಿವೆ. ನೆಟ್ಟು 14 ವರ್ಷವಾಯಿತು. ಪ್ರತಿ ವರ್ಷ ಮಾರ್ಚ್ ಮುಗಿಯುವ ಹೊತ್ತಿಗೆ ಸುತ್ತಮುತ್ತಲಿನ ಕನ್ನಡದ ಮನೆಗಳಿಂದ ಫೋಟೊಗಳೂ ಪ್ರಶ್ನೆಗಳೂ ಬರತೊಡಗುತ್ತವೆ. ಹೊಸದಾಗಿ ಮನೆ ಕೊಂಡವರು, ಹಿಂದಿನ ಮಾಲೀಕರು ಬಿಟ್ಟುಹೋದ ಪೊದೆಯನ್ನು ಏನು ಮಾಡಬೇಕೆಂದು ತಿಳಿಯದವರು, ಹೂ ಬಿಡದ ಗಿಡದ ಮುಂದೆ ಬೇಸರದಿಂದ ನಿಂತವರು, ಎಲ್ಲರಿಗೂ ನಾನು ಹೇಳುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಅಮೆರಿಕದ ಈಶಾನ್ಯ ರಾಜ್ಯಗಳು, ಮಿಡ್‌ವೆಸ್ಟ್, ಕೆನಡಾದ ದಕ್ಷಿಣ ಭಾಗ, ಇಂಗ್ಲೆಂಡ್ ಇಲ್ಲೆಲ್ಲ ಇರುವವರಿಗೆ ಇವು ಹೆಚ್ಚುಕಡಿಮೆ ಹೊಂದುತ್ತವೆ. ತಿಂಗಳುಗಳನ್ನು ಮಾತ್ರ ನಿಮ್ಮ ಊರಿನ ಚಳಿಗೆ ತಕ್ಕಂತೆ ಹಿಂದೆ ಮುಂದೆ ಮಾಡಿಕೊಳ್ಳಿ.

ಎಲೆಯೇ ಇಲ್ಲದೆ ಮೈತುಂಬ ಹಳದಿ ಹೂ ಬಿಟ್ಟ ಆ ಪೊದೆ ಯಾವುದು?

ಅದೇ ಫಾರ್ಸಿಥಿಯಾ. ಚಳಿಗಾಲಕ್ಕೆ ಎಲೆ ಉದುರಿಸಿ ಬರೀ ಕಡ್ಡಿಗಳ ಕಂತೆಯಾಗಿ ನಿಲ್ಲುತ್ತದೆ. ಹಿಮ ಕರಗಿ, ಲಾನ್ ಇನ್ನೂ ಕಂದುಬಣ್ಣದಲ್ಲೇ ಇರುವಾಗ, ಎಲೆ ಚಿಗುರುವ ಮೊದಲೇ ಗೆಣ್ಣುಗೆಣ್ಣಿಗೂ ಹೂ ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರ್ಚ್ ಕೊನೆಯ ವಾರ ಶುರುವಾದರೆ ಏಪ್ರಿಲ್ ಮಧ್ಯದವರೆಗೆ ಇರುತ್ತದೆ.

ಒಂದು ಹೂವನ್ನು ಬಿಡಿಸಿ ಅಂಗೈಯಲ್ಲಿಟ್ಟು ನೋಡಿ. ಎಸಳು ನಾಲ್ಕು. ಬುಡದಲ್ಲಿ ನಾಲ್ಕೂ ಕೂಡಿಕೊಂಡು ಗಿಡ್ಡ ಕೊಳವೆಯಾಗಿವೆ. ಉದುರುವಾಗ ಎಸಳುಗಳು ಬಿಡಿಬಿಡಿಯಾಗಿ ಬೀಳುವುದಿಲ್ಲ. ಹೂ ಇಡಿಯಾಗಿ ಕಳಚಿ ಬೀಳುತ್ತದೆ, ಪಾರಿಜಾತ ಬೀಳುವ ಹಾಗೆ. ಈ ಹೋಲಿಕೆಗೆ ಕಾರಣವಿದೆ. ಪಾರಿಜಾತ, ಮಲ್ಲಿಗೆ, ಆಲಿವ್, ಲೈಲಾಕ್ ಎಲ್ಲವೂ ಸೇರಿರುವ ಓಲಿಯೇಸಿ ಕುಟುಂಬದ್ದೇ ಫಾರ್ಸಿಥಿಯಾ. ಮಲ್ಲಿಗೆಯಂತೆಯೇ ಇದರ ಎಲೆಗಳೂ ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟುತ್ತವೆ. ಆ ಪರಿಮಳ ಮಾತ್ರ ಇದಕ್ಕಿಲ್ಲ. ಈ ಸಂಬಂಧ ತಿಳಿದ ದಿನದಿಂದ ನನಗೆ ಈ ಗಿಡ ಪರದೇಶದ್ದು ಎನ್ನಿಸಿಲ್ಲ.

ಇದು ಅಮೆರಿಕದ್ದೇ ಗಿಡವೇ?

ಅಲ್ಲ. ಇದರ ಜಾತಿಗಳಲ್ಲಿ ಹೆಚ್ಚಿನವು ಚೀನಾ, ಕೊರಿಯಾ ಕಡೆಯವು. ಒಂದು ಮಾತ್ರ ಆಗ್ನೇಯ ಯುರೋಪಿನದು. ಸ್ವೀಡನ್ನಿನ ಸಸ್ಯವಿಜ್ಞಾನಿ ಥುನ್‌ಬರ್ಗ್ ಜಪಾನಿನಲ್ಲಿ ಇದನ್ನು ಕಂಡು 1784ರಲ್ಲಿ ಲೈಲಾಕ್ ಜಾತಿಯದೆಂದು ವಿವರಿಸಿದರು. ಅದು ಬೇರೆಯೇ ಗಿಡವೆಂದು ಗೊತ್ತಾದ ಮೇಲೆ, ಲಂಡನ್ನಿನ ಚೆಲ್ಸಿ ಔಷಧವನವನ್ನೂ ಆಮೇಲೆ ಅರಸರ ತೋಟಗಳನ್ನೂ ನೋಡಿಕೊಂಡಿದ್ದ ಸ್ಕಾಟ್ಲೆಂಡಿನ ತೋಟಗಾರ ವಿಲಿಯಂ ಫಾರ್ಸಿತ್ ಅವರ ಹೆಸರನ್ನು ಇದಕ್ಕೆ ಇಟ್ಟರು. ಇಂದು ನಮ್ಮ ಹಿತ್ತಿಲುಗಳಲ್ಲಿ ಇರುವುದು ಬಹುಪಾಲು ಇಂಟರ್‌ಮೀಡಿಯಾ ಎಂಬ ಮಿಶ್ರತಳಿ. ಚೀನಾದ ಎರಡು ಜಾತಿಗಳು ಕೂಡಿ ಹುಟ್ಟಿದ ಈ ಗಿಡ 1878ರಲ್ಲಿ ಜರ್ಮನಿಯ ಗಟಿಂಗನ್ ಸಸ್ಯೋದ್ಯಾನದಲ್ಲಿ ಕಣ್ಣಿಗೆ ಬಿತ್ತು.

ಕೊರಿಯಾದಲ್ಲಿ ಇದನ್ನು ಕೇನಾರಿ ಎನ್ನುತ್ತಾರೆ. ಸೋಲ್ ನಗರದ ಹೂ ಇದೇ. ನಮ್ಮ ಪಕ್ಕದ ನ್ಯೂಯಾರ್ಕಿನ ಬ್ರೂಕ್ಲಿನ್ ಕೂಡ 1940ರಲ್ಲಿ ಇದನ್ನೇ ತನ್ನ ಅಧಿಕೃತ ಹೂವನ್ನಾಗಿ ಆರಿಸಿಕೊಂಡಿತು.

ನಮ್ಮ ಬೀದಿಯಲ್ಲಿ ಫೆಬ್ರುವರಿಯಲ್ಲೇ ಹಳದಿ ಹೂ ಕಂಡೆ. ಅದೂ ಫಾರ್ಸಿಥಿಯಾವೇ?

ಅಷ್ಟು ಬೇಗ ಅರಳಿದ್ದರೆ ಅದು ಚಳಿಗಾಲದ ಮಲ್ಲಿಗೆ ಇರಬಹುದು. ಅದರ ಕಡ್ಡಿ ಹಸಿರಾಗಿರುತ್ತದೆ, ಹೂವಿಗೆ ಐದು ಅಥವಾ ಆರು ಎಸಳು. ಫಾರ್ಸಿಥಿಯಾದ ಕಡ್ಡಿ ಕಂದು ಮಿಶ್ರಿತ ಹಳದಿ, ಮೈಮೇಲೆ ಎಳ್ಳು ಚೆಲ್ಲಿದಂತೆ ಸಣ್ಣ ಉಬ್ಬು ಚುಕ್ಕೆಗಳು. ಎಸಳಿನ ಬದಲು ಸಣ್ಣ ಸಣ್ಣ ಗೊಂಚಲಿನಲ್ಲಿ ಸಾಸಿವೆ ಹೂವಿನ ಪುಡಿಯಂತೆ ಕಂಡರೆ ಅದು ಕಾರ್ನೇಲಿಯನ್ ಚೆರ್ರಿ ಅಥವಾ ಸ್ಪೈಸ್‌ಬುಷ್. ಅನುಮಾನವಿದ್ದರೆ ಎಸಳು ಎಣಿಸಿ. ನಾಲ್ಕು ಇದ್ದರೆ ಮುಂದಿನ ಮಾತು.

ನಮ್ಮದು ಚಿಕ್ಕ ಹಿತ್ತಿಲು. ಜಾಗ ಎಷ್ಟು ಬೇಕು?

ನರ್ಸರಿಯ ಕುಂಡದಲ್ಲಿ ಎರಡು ಅಡಿ ಇರುವ ಗಿಡವನ್ನು ನೋಡಿ ಜಾಗ ನಿರ್ಧರಿಸಬೇಡಿ. ದೊಡ್ಡ ತಳಿಗಳು 8ರಿಂದ 10 ಅಡಿ ಎತ್ತರ, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಅಗಲ ಬೆಳೆಯುತ್ತವೆ. ಕೊಂಬೆಗಳು ಮೇಲೆದ್ದು ಕಾರಂಜಿಯಂತೆ ಬಾಗಿ ನೆಲದ ಕಡೆಗೆ ಇಳಿಯುತ್ತವೆ, ಆ ಬಾಗುವಿಕೆಯೇ ಇದರ ಚೆಲುವು. ಬಾಗಲು ಜಾಗ ಕೊಡಲಾಗದಿದ್ದರೆ ದೊಡ್ಡ ತಳಿಯನ್ನು ತರಲೇಬೇಡಿ. ಕಿಟಕಿಯ ಕೆಳಗೆ, ಕಾರು ನಿಲ್ಲಿಸುವ ದಾರಿಯ ಅಂಚಿಗೆ, ಬಾಗಿಲ ಮೆಟ್ಟಿಲ ಪಕ್ಕಕ್ಕೆ ನೆಟ್ಟ ಫಾರ್ಸಿಥಿಯಾಗಳು ಜೀವಮಾನವೆಲ್ಲ ಕತ್ತರಿಯ ಕೆಳಗೇ ಇರುತ್ತವೆ. ಬೇಲಿಯ ಮೂಲೆ, ಇಳಿಜಾರು, ಹಿತ್ತಿಲಿನ ಕೊನೆ ಇವು ಸರಿಯಾದ ಜಾಗಗಳು. ಹಿಂದೆ ಕಡು ಹಸಿರಿನ ಕೋನಿಫರ್ ಮರಗಳಿದ್ದರೆ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ.

ಬಿಸಿಲು ದಿನಕ್ಕೆ ಕನಿಷ್ಠ 6 ಗಂಟೆ ಬೇಕು. ನೆರಳಿನಲ್ಲೂ ಬದುಕುತ್ತದೆ, ಎಲೆಯೂ ಚೆನ್ನಾಗಿ ಬರುತ್ತದೆ, ಹೂ ಮಾತ್ರ ಅಲ್ಲೊಂದು ಇಲ್ಲೊಂದು.

ಯಾವ ತಳಿ ತರಲಿ?

ಜಾಗ ಇದ್ದರೆ ಲಿನ್‌ವುಡ್. ಉತ್ತರ ಐರ್ಲೆಂಡಿನ ಒಂದು ತೋಟದಲ್ಲಿ ಸಿಕ್ಕಿದ ತಳಿ ಇದು; ಹೂ ಚೆನ್ನಾಗಿ ಬಿಚ್ಚಿಕೊಂಡು ಕಡ್ಡಿಯ ಉದ್ದಕ್ಕೂ ಸಮನಾಗಿ ಹರಡಿರುತ್ತದೆ. ನಮ್ಮ ಮನೆಯ ಮೂರೂ ಇವೇ. ಜಾಗ ಕಡಿಮೆ ಇದ್ದರೆ 5ರಿಂದ 6 ಅಡಿಯಲ್ಲಿ ನಿಲ್ಲುವ ಶೋ ಆಫ್, ಇಳಿಜಾರಿಗೆ ಹಾಸಿನಂತೆ ಹರಡಬೇಕಿದ್ದರೆ ಸುಮಾರು 2 ಅಡಿ ಎತ್ತರದ ಗೋಲ್ಡ್ ಟೈಡ್.

ಮಿನೆಸೋಟ, ಡಕೋಟ, ಕೆನಡಾದ ಒಳನಾಡಿನಂಥ ಕಡು ಚಳಿಯ ಊರುಗಳಲ್ಲಿ ಇರುವವರು ಮೆಡೋಲಾರ್ಕ್ ಅಥವಾ ನಾರ್ದರ್ನ್ ಗೋಲ್ಡ್ ಎಂದೇ ಕೇಳಿ ತನ್ನಿ. ಮೆಡೋಲಾರ್ಕ್ ಅನ್ನು ಉತ್ತರ ಮತ್ತು ದಕ್ಷಿಣ ಡಕೋಟದ ವಿಶ್ವವಿದ್ಯಾಲಯಗಳು ಬಾಸ್ಟನ್ನಿನ ಅರ್ನಾಲ್ಡ್ ಸಸ್ಯವನದ ಜೊತೆ ಸೇರಿ ಬಿಡುಗಡೆ ಮಾಡಿದವು. ಅದರ ಹೂಮೊಗ್ಗು ಮೈನಸ್ 35 ಡಿಗ್ರಿ ಫ್ಯಾರನ್‌ಹೀಟ್ ಚಳಿಯನ್ನೂ ತಡೆಯುತ್ತದೆ. ಹೆಸರಿನ ಚೀಟಿ ಇಲ್ಲದ, ಬರೀ ಫಾರ್ಸಿಥಿಯಾ ಎಂದು ಬರೆದಿರುವ ಅಗ್ಗದ ಗಿಡವನ್ನು ಚಳಿಯ ಊರಿನವರು ಕೊಳ್ಳದಿರುವುದೇ ಒಳ್ಳೆಯದು.

ಯಾವಾಗ, ಹೇಗೆ ನೆಡಬೇಕು?

ನೆಲ ಅಗೆಯಲು ಬರುವಷ್ಟು ಮೆತ್ತಗಾದ ಮೇಲೆ ವಸಂತದಲ್ಲಿ, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ. ನಡುಬೇಸಿಗೆಯಲ್ಲಿ ನೆಟ್ಟರೆ ದಿನವೂ ನೀರು ಹೊರಬೇಕಾಗುತ್ತದೆ. ಅಮೆರಿಕದಲ್ಲಿ ಇರುವವರು ಗುದ್ದಲಿ ಹಿಡಿಯುವ ಕೆಲವು ದಿನ ಮೊದಲು 811ಕ್ಕೆ ಕರೆ ಮಾಡಿ. ಗ್ಯಾಸ್, ವಿದ್ಯುತ್ತಿನ ತಂತಿ ನೆಲದಡಿ ಎಲ್ಲಿ ಹೋಗಿದೆ ಎಂದು ಹಣ ಕೇಳದೆ ಗುರುತು ಹಾಕಿಕೊಡುತ್ತಾರೆ.

ಗುಣಿ ಬೇರಿನ ಗಡ್ಡೆಯಷ್ಟೇ ಆಳ, ಅದರ ಎರಡರಷ್ಟು ಅಗಲ ಇರಲಿ. ಕುಂಡದಿಂದ ತೆಗೆದಾಗ ಬೇರು ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ. ಗಿಡ ಕುಂಡದಲ್ಲಿ ಎಷ್ಟು ಮಣ್ಣಿನೊಳಗಿತ್ತೋ ಅಷ್ಟೇ ಒಳಗಿರಲಿ, ಬುಡವನ್ನು ಹೂಳಬೇಡಿ. ತೆಗೆದ ಮಣ್ಣನ್ನೇ ವಾಪಸು ತುಂಬಿ, ಒಂದು ಬಕೆಟ್ ನೀರು ನಿಧಾನವಾಗಿ ಹಾಕಿ, ಮೇಲೆ ಎರಡು ಮೂರು ಅಂಗುಲ ಮರದ ಚಕ್ಕೆಯ ಹೊದಿಕೆ ಹಾಸಿ. ಹೊದಿಕೆ ಕಾಂಡಕ್ಕೆ ತಾಗದಿರಲಿ. ಸಾಲಾಗಿ ಬೇಲಿಯಂತೆ ಬೆಳೆಸುವುದಾದರೆ ಗಿಡದಿಂದ ಗಿಡಕ್ಕೆ 5ರಿಂದ 6 ಅಡಿ ಬಿಡಿ.

ಮಣ್ಣಿನ ವಿಷಯದಲ್ಲಿ ಇದು ಹಟಮಾರಿ ಅಲ್ಲ. ನಮ್ಮಲ್ಲಿ ಇರುವುದು ಜಿಗುಟು ಜೇಡಿ. ಅದರಲ್ಲೇ ಬಂದಿದೆ. ನೀರು ನಿಲ್ಲುವ ತಗ್ಗು ಮಾತ್ರ ಬೇಡ.

ನೀರು, ಗೊಬ್ಬರ?

ಮೊದಲ ವರ್ಷ ಮಳೆ ಬಾರದ ವಾರಗಳಲ್ಲಿ ವಾರಕ್ಕೊಮ್ಮೆ ಚೆನ್ನಾಗಿ ನೆನೆಯುವಂತೆ ನೀರು. ಆಮೇಲೆ ಕಡು ಬೇಸಿಗೆ ಬಿಟ್ಟರೆ ಗಿಡ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ವಸಂತದಲ್ಲಿ ಬುಡದ ಸುತ್ತ ಒಂದೆರಡು ಬೊಗಸೆ ಕಾಂಪೋಸ್ಟ್ ಸಾಕು. ಲಾನಿಗೆ ಹಾಕುವ ಗೊಬ್ಬರ ಪೊದೆಯ ಬುಡಕ್ಕೆ ಬೀಳದಂತೆ ನೋಡಿಕೊಳ್ಳಿ. ಅದರಲ್ಲಿ ಸಾರಜನಕ ಹೆಚ್ಚು. ಗಿಡ ಸೊಪ್ಪಾಗಿ ಬೆಳೆದು ಹೂ ಮರೆಯುತ್ತದೆ.

ಸವರುವುದು ಯಾವಾಗ?

ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಫಾರ್ಸಿಥಿಯಾದ ಮುಕ್ಕಾಲು ಪಾಲು ತಿಳಿದಂತೆ. ಹೂ ಉದುರಿದ ಕೂಡಲೇ ಸವರಬೇಕು. ಏಪ್ರಿಲ್ ಕೊನೆ, ಹೆಚ್ಚೆಂದರೆ ಮೇ ಮುಗಿಯುವುದರೊಳಗೆ. ಬೇಸಿಗೆಯಲ್ಲಿ ಬೇಡ, ಶರತ್ಕಾಲದಲ್ಲಂತೂ ಬೇಡವೇ ಬೇಡ.

ಕಾರಣ ಇಷ್ಟೇ. ಹೂ ಮುಗಿದ ಮೇಲೆ ಹೊಸ ಚಿಗುರು ಬರುತ್ತದೆ. ಆ ಚಿಗುರು ಬೇಸಿಗೆಯಲ್ಲಿ ಬಲಿಯುತ್ತಿರುವಾಗಲೇ ಅದರ ಗೆಣ್ಣುಗಳಲ್ಲಿ ಮುಂದಿನ ವರ್ಷದ ಹೂಮೊಗ್ಗು ಕಟ್ಟಿಕೊಳ್ಳುತ್ತದೆ. ಅಂದರೆ ನಾವು ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬದ ಸಡಗರದಲ್ಲಿರುವಾಗ ಈ ಪೊದೆ ಮುಂದಿನ ಯುಗಾದಿಯ ಹೂವನ್ನು ಆಗಲೇ ಹೊತ್ತುಕೊಂಡಿರುತ್ತದೆ. ಆಮೇಲೆ ಕತ್ತರಿ ಆಡಿಸಿದರೆ ಕತ್ತರಿಸಿದ್ದೆಲ್ಲ ಹೂವೇ. ಡಿಸೆಂಬರ್‌ನಲ್ಲಿ ಒಂದು ಕಡ್ಡಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ: ಪ್ರತಿ ಗೆಣ್ಣಿನಲ್ಲೂ ಭತ್ತದ ಕಾಳಿಗಿಂತ ಸ್ವಲ್ಪ ಚಿಕ್ಕದಾದ, ಚೂಪುತುದಿಯ ಮೊಗ್ಗುಗಳು ಎರಡು ಮೂರು ಒತ್ತಿಕೊಂಡು ಕುಳಿತಿರುತ್ತವೆ. ಅವನ್ನು ಒಮ್ಮೆ ಕಂಡವರು ಮತ್ತೆ ಚಳಿಗಾಲದಲ್ಲಿ ಈ ಗಿಡಕ್ಕೆ ಕತ್ತರಿ ಹಾಕುವುದಿಲ್ಲ.

ನಾನು ಇದನ್ನು ಕಲಿತದ್ದು ಒಂದು ವಸಂತವನ್ನು ಕಳೆದುಕೊಂಡು. ನೆಟ್ಟ ನಾಲ್ಕನೆಯ ವರ್ಷ ಅಕ್ಟೋಬರ್‌ನಲ್ಲಿ ಹಿತ್ತಿಲನ್ನು ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಮೂರೂ ಪೊದೆಗಳನ್ನು ಎದೆಯೆತ್ತರಕ್ಕೆ ಸಮ ಮಾಡಿದೆ. ಮುಂದಿನ ಏಪ್ರಿಲ್‌ನಲ್ಲಿ ಬೀದಿಯೆಲ್ಲ ಹಳದಿ, ನಮ್ಮ ಹಿತ್ತಿಲಿನಲ್ಲಿ ಮಾತ್ರ ಬುಡದ ಕಡೆ ಏಳೆಂಟು ಹೂ. ಮಗಳು ಅವನ್ನು ಎಣಿಸಿದ್ದು ಇನ್ನೂ ನೆನಪಿದೆ.

ಸವರುವುದು ಹೇಗೆ? ತುದಿಗಳನ್ನು ಕತ್ತರಿಸಿದರೆ ಸಾಕೇ?

ತುದಿ ಕತ್ತರಿಸುವುದೇ ತಪ್ಪು. ತುದಿ ಕತ್ತರಿಸಿದ ಕಡೆ ನಾಲ್ಕಾರು ಕವಲು ಒಡೆದು ಮೇಲೆ ಪೊರಕೆಯಂತಾಗುತ್ತದೆ, ಒಳಗೆ ಬಿಸಿಲು ಇಳಿಯದೆ ಬುಡ ಬೋಳಾಗುತ್ತದೆ.

ಮೊಣಕಾಲೂರಿ ಪೊದೆಯ ಬುಡವನ್ನು ನೋಡಿ. ಹೆಬ್ಬೆರಳಿಗಿಂತ ದಪ್ಪವಾಗಿ, ಬೂದುಬಣ್ಣಕ್ಕೆ ತಿರುಗಿ, ತೊಗಟೆ ಒರಟಾದ ಕಾಂಡಗಳು ಹಳೆಯವು. ಅವುಗಳಲ್ಲಿ ಮೂರರಲ್ಲೊಂದು ಪಾಲನ್ನು ಆರಿಸಿ ನೆಲಮಟ್ಟಕ್ಕೆ ಕತ್ತರಿಸಿ ಎಳೆದುಹಾಕಿ. ಉಳಿದದ್ದನ್ನು ಮುಟ್ಟಬೇಡಿ. ಮುಂದಿನ ವರ್ಷ ಮತ್ತೆ ಅಷ್ಟೇ. ಮೂರು ವರ್ಷ ಕಳೆಯುವಷ್ಟರಲ್ಲಿ ಬುಡದಿಂದ ಹೊಸ ಕಾಂಡಗಳೆದ್ದು ಇಡೀ ಪೊದೆಯೇ ಹೊಸದಾಗಿರುತ್ತದೆ, ಹೂ ಒಂದು ವರ್ಷವೂ ತಪ್ಪಿರುವುದಿಲ್ಲ. ಕೈಕತ್ತರಿಗೆ ಜಗ್ಗದ ಕಾಂಡಕ್ಕೆ ಉದ್ದ ಹಿಡಿಕೆಯ ಲಾಪರ್, ಅದಕ್ಕೂ ಜಗ್ಗದಿದ್ದರೆ ಚಿಕ್ಕ ಗರಗಸ. ನೆಟ್ಟ ಮೊದಲ ಮೂರು ವರ್ಷ ಏನನ್ನೂ ಕತ್ತರಿಸುವ ಅಗತ್ಯವಿಲ್ಲ.

ಲಾನ್ ಕೆಲಸದವರು ಬಂದಾಗಲೆಲ್ಲ ಯಂತ್ರದಲ್ಲಿ ಗುಂಡಗೆ ಕತ್ತರಿಸಿ ಹೋಗುತ್ತಾರೆ. ಏನು ಮಾಡಲಿ?

ಇದು ನನಗೆ ತುಂಬ ನೋವು ಕೊಡುವ ನೋಟ. ನಮ್ಮ ಬಡಾವಣೆಗಳಲ್ಲಿ ಚೆಂಡಿನಂತೆ, ಪೆಟ್ಟಿಗೆಯಂತೆ ಕತ್ತರಿಸಿದ ಫಾರ್ಸಿಥಿಯಾಗಳೇ ಹೆಚ್ಚು. ಮೇಲ್ಮೈಯಲ್ಲಿ ಅಲ್ಲಲ್ಲಿ ನಾಲ್ಕು ಹೂ, ಒಳಗೆಲ್ಲ ಒಣ ಕಡ್ಡಿ. ಗುತ್ತಿಗೆ ಮಾತನಾಡುವಾಗಲೇ ಈ ಪೊದೆಗಳನ್ನು ಮುಟ್ಟಬಾರದೆಂದು ಬರೆಸಿ. ಜೊತೆಗೆ ಕೊಂಬೆಗೆ ಬಣ್ಣದ ರಿಬ್ಬನ್ ಕಟ್ಟಿ. ಕೆಲಸಕ್ಕೆ ಬರುವವರು ಪ್ರತಿ ಸಲ ಬೇರೆಯಾಗಿರುತ್ತಾರೆ. ಬಾಯಿಮಾತು ಅವರವರೆಗೆ ತಲುಪುವುದಿಲ್ಲ, ರಿಬ್ಬನ್ ತಲುಪುತ್ತದೆ.

ಹಳೆಯ ಮನೆ ಕೊಂಡಿದ್ದೇವೆ. ಪೊದೆ ಕಾಡಿನಂತಾಗಿದೆ. ಕಿತ್ತು ಎಸೆಯಬೇಕೇ?

ಬೇಡ. ಚಳಿಗಾಲದ ಕೊನೆಯಲ್ಲಿ, ಚಿಗುರುವ ಮೊದಲು, ಪೂರ್ತಿಯಾಗಿ ನೆಲದಿಂದ 4ರಿಂದ 6 ಅಂಗುಲ ಬಿಟ್ಟು ಕತ್ತರಿಸಿಬಿಡಿ. ನೋಡಲು ಎದೆ ಝಲ್ಲೆನ್ನುತ್ತದೆ, ಆದರೆ ಬೇರು ಗಟ್ಟಿ ಇರುವ ಗಿಡ ಅದೇ ಬೇಸಿಗೆಯಲ್ಲಿ ಆಳೆತ್ತರಕ್ಕೆ ಚಿಗುರುತ್ತದೆ. ಆ ವರ್ಷ ಹೂ ಇರುವುದಿಲ್ಲ; ಚೆನ್ನಾಗಿ ತುಂಬಿಕೊಳ್ಳಲು ಎರಡು ಮೂರು ವರ್ಷ ಬೇಕು. ಬುಡದಿಂದ ಬಂದ ಚಿಗುರಿನಲ್ಲಿ ಬಲವಾದವನ್ನು ಉಳಿಸಿ ಸಪೂರವಾದವನ್ನು ತೆಗೆಯಿರಿ. ಹೂ ತಪ್ಪಿಸಿಕೊಳ್ಳಲು ಮನಸ್ಸಿಲ್ಲದವರಿಗೆ ಮೇಲೆ ಹೇಳಿದ ಮೂರು ವರ್ಷದ ದಾರಿ ಇದ್ದೇ ಇದೆ.

ಗಿಡ ಸೊಂಪಾಗಿದೆ, ಹೂವೇ ಇಲ್ಲ. ಯಾಕೆ?

ಹತ್ತರಲ್ಲಿ ಎಂಟು ಮನೆಗಳಲ್ಲಿ ನಾನು ಕೇಳುವ ಮೊದಲ ಪ್ರಶ್ನೆ, ಕಳೆದ ವರ್ಷ ಯಾವ ತಿಂಗಳಲ್ಲಿ ಕತ್ತರಿಸಿದಿರಿ ಎಂಬುದು. ಉತ್ತರ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಆ ತಪ್ಪು ಇಲ್ಲದಿದ್ದರೆ ನೆರಳು ನೋಡಿ. ಹತ್ತು ವರ್ಷದ ಹಿಂದೆ ಬಿಸಿಲಿದ್ದ ಜಾಗಕ್ಕೆ ಪಕ್ಕದ ಮೇಪಲ್ ಈಗ ನೆರಳು ಹಾಸಿರಬಹುದು. ಮೂರನೆಯದು ಲಾನಿನ ಗೊಬ್ಬರ. ನೆಟ್ಟು ಒಂದೆರಡು ವರ್ಷವಷ್ಟೇ ಆಗಿದ್ದರೆ ಕಾಯಿರಿ.

ಬುಡದಲ್ಲಿ ಒಂದೂವರೆ ಅಡಿವರೆಗೆ ಹೂ ತುಂಬಿದೆ, ಮೇಲೆಲ್ಲ ಬೋಳು. ಇದೇನು ರೋಗ?

ರೋಗವಲ್ಲ, ಹಿಮದ ಗುರುತು. ಇಂಟರ್‌ಮೀಡಿಯಾ ತಳಿಗಳ ಗಿಡ ಕಡು ಚಳಿಯಲ್ಲಿ ಬದುಕಿಕೊಂಡರೂ, ಮೈನಸ್ 10 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಹೂಮೊಗ್ಗು ಸಾಯತೊಡಗುತ್ತದೆ. ಆ ರಾತ್ರಿ ಹಿಮದೊಳಗೆ ಹೂತಿದ್ದ ಭಾಗ ಬೆಚ್ಚಗಿದ್ದು ಉಳಿದುಕೊಂಡಿತು. ಗಾಳಿಗೆ ಒಡ್ಡಿಕೊಂಡಿದ್ದು ಹೋಯಿತು. ಹೂವಿನ ಮೇಲಂಚನ್ನು ನೋಡಿದರೆ ಹಿಮ ಎಷ್ಟು ಎತ್ತರ ಬಿದ್ದಿತ್ತೆಂದು ಅಳೆಯಬಹುದು. ಪ್ರತಿ ವರ್ಷ ಹೀಗಾದರೆ ತಳಿ ಬದಲಿಸಿ.

ಯುಗಾದಿಯ ದಿನವೇ ಮನೆಯಲ್ಲಿ ಹೂ ಅರಳುವಂತೆ ಮಾಡಬಹುದೇ?

ಮಾಡಬಹುದು. ನಾವು ಪ್ರತಿ ವರ್ಷ ಮಾಡುವುದೇ ಇದು. ಯುಗಾದಿ ಚಾಂದ್ರಮಾನದ ಹಬ್ಬ, ಹಾಗಾಗಿ ತಾರೀಖು ಹಿಂದೆ ಮುಂದೆ ಆಗುತ್ತದೆ: 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19, 2027ರಲ್ಲಿ ಏಪ್ರಿಲ್ 7. ಏಪ್ರಿಲ್‌ನಲ್ಲಿ ಬಂದರೆ ನಮ್ಮ ಕಡೆ ಹೂ ಹಿತ್ತಿಲಿನಲ್ಲೇ ಇರುತ್ತದೆ. ಮಾರ್ಚ್ ನಡುವೆ ಬಂದರೆ ಕಡ್ಡಿಗಳನ್ನು ಒಳಗೆ ತಂದು ಅರಳಿಸಬೇಕು.

ಮೊಗ್ಗಿಗೆ ಕನಿಷ್ಠ ಆರು ವಾರದ ಚಳಿ ಸಿಕ್ಕಿರಬೇಕು. ಜನವರಿ ಕೊನೆಯ ಹೊತ್ತಿಗೆ ಅದು ಮುಗಿದಿರುತ್ತದೆ. ಜನವರಿಯಲ್ಲಿ ಕತ್ತರಿಸಿದ ಕಡ್ಡಿ ಅರಳಲು ಎರಡು ಮೂರು ವಾರ ಬೇಕು, ಮಾರ್ಚ್‌ನಲ್ಲಿ ಕತ್ತರಿಸಿದ್ದಕ್ಕೆ ವಾರ ಹತ್ತು ದಿನ ಸಾಕು. ಹಬ್ಬ ಮಾರ್ಚ್ 19ಕ್ಕೆ ಬಂದರೆ 9ರಿಂದ 12ರೊಳಗೆ ಕತ್ತರಿಸಿ. ಒಂದೇ ದಿನ ಎಲ್ಲವನ್ನೂ ಕತ್ತರಿಸದೆ ಎರಡು ಕಂತಿನಲ್ಲಿ ತಂದರೆ ಒಂದಲ್ಲ ಒಂದು ಹಬ್ಬಕ್ಕೆ ಸರಿಯಾಗಿ ಸಿಗುತ್ತದೆ.

ಹಿಮ ಹೆಪ್ಪುಗಟ್ಟದ ಒಂದು ಮಧ್ಯಾಹ್ನ ಮೊಗ್ಗು ತುಂಬಿದ ಎರಡು ಮೂರು ಅಡಿಯ ಕಡ್ಡಿಗಳನ್ನು ಆರಿಸಿ, ಹೇಗೂ ತೆಗೆಯಬೇಕೆಂದಿರುವ ಹಳೆಯ ಕಾಂಡದಿಂದಲೇ ಕತ್ತರಿಸಿ. ಬುಡವನ್ನು ಓರೆಯಾಗಿ ಕತ್ತರಿಸಿ ಒಂದು ಅಂಗುಲ ಸೀಳಿ. ಸ್ನಾನದ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ರಾತ್ರಿಯಿಡೀ ಪೂರ್ತಿ ಮುಳುಗಿಸಿಡಿ. ಬೆಳಿಗ್ಗೆ ಎತ್ತರದ ಪಾತ್ರೆಗೆ ಹಾಕಿ ನೇರ ಬಿಸಿಲು ಬೀಳದ, ಹೀಟರಿನ ಗಾಳಿ ತಾಗದ ತಂಪು ಕೋಣೆಯಲ್ಲಿ ಇಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಮೊಗ್ಗು ಹಳದಿ ತೋರಿಸಿದ ಮೇಲೆ ಬೆಳಕಿಗೆ ತನ್ನಿ.

ಒಂದು ವರ್ಷ ಶಿವಮೊಗ್ಗದಿಂದ ಅತ್ತೆಯವರು ಬಂದಿದ್ದರು. ಹಿತ್ತಾಳೆಯ ಬಿಂದಿಗೆಯಲ್ಲಿ ನಾನು ನಿಲ್ಲಿಸಿದ್ದ ಕಡ್ಡಿಗಳನ್ನು ನೋಡಿ, "ಒಲೆಗೆ ತಂದಿದ್ದೇನಮ್ಮ?" ಎಂದು ಕೇಳಿದರು. ಎಂಟನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಆ ಬಿಂದಿಗೆಯ ಮುಂದೆಯೇ ಬಹಳ ಹೊತ್ತು ನಿಂತಿದ್ದರು. ಹೊರಗೆ ಕಿಟಕಿಯಾಚೆ ಇನ್ನೂ ಹಿಮವಿತ್ತು.

ದೇವರಿಗೆ ಏರಿಸಬಹುದೇ?

ನಮ್ಮ ಮನೆಯಲ್ಲಿ ಏರಿಸುತ್ತೇವೆ. ನಮ್ಮ ಕೈಯಾರೆ ಬೆಳೆದ, ಹಬ್ಬದ ಋತುವಿನಲ್ಲೇ ಅರಳಿದ ಶುದ್ಧ ಹೂ, ಅದಕ್ಕಿಂತ ಬೇರೆ ಅರ್ಹತೆ ಬೇಕೆಂದು ನನಗೆ ಅನ್ನಿಸಿಲ್ಲ. ಬಿಡಿ ಹೂ ಬೇಗ ಬಾಡುತ್ತದೆ, ಕಟ್ಟಿ ಮಾಲೆ ಮಾಡಲು ಬರುವುದಿಲ್ಲ. ಕಡ್ಡಿ ಸಮೇತ ಕಲಶದ ಪಕ್ಕ ಇಡುವುದು, ಮಾವಿನ ಎಲೆಯ ತೋರಣದ ಎರಡೂ ತುದಿಗೆ ಒಂದೊಂದು ರೆಂಬೆ ಸಿಕ್ಕಿಸುವುದು ಚೆನ್ನಾಗಿ ಕಾಣುತ್ತದೆ.

ಹೊಸ ಗಿಡ ಮಾಡಿಕೊಳ್ಳುವುದು ಹೇಗೆ? ಬೀಜ ಸಿಗುತ್ತದೆಯೇ?

ಬೀಜ ಸಿಗುವುದು ಅಪರೂಪ. ಕೆಲವು ಗಿಡಗಳ ಹೂವಿನಲ್ಲಿ ಶಲಾಕೆ, ಅಂದರೆ ಹೂವಿನ ನಡುವಿನ ಹೆಣ್ಣುಭಾಗದ ಎಳೆ, ಉದ್ದ, ಕೆಲವುಗಳಲ್ಲಿ ಗಿಡ್ಡ. ಎರಡೂ ಬಗೆ ಹತ್ತಿರವಿದ್ದರೆ ಕಾಯಿ ಕಟ್ಟುತ್ತದೆ. ಒಂದೇ ತಳಿಯ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳಾದ್ದರಿಂದ ಮನೆಯ ಹಿತ್ತಿಲಿನಲ್ಲಿ ಇದು ಕೂಡಿಬರುವುದಿಲ್ಲ.

ಅತ್ಯಂತ ಸುಲಭದ್ದು ಕೊಂಬೆ ಬಾಗಿಸುವುದು. ಕೆಳಗಿನ ಉದ್ದ ಕೊಂಬೆಯೊಂದನ್ನು ಜೂನ್‌ನಲ್ಲಿ ನೆಲಕ್ಕೆ ಬಾಗಿಸಿ, ತಾಗುವ ಕಡೆ ತೊಗಟೆಯನ್ನು ಸ್ವಲ್ಪ ಕೆರೆದು, ಮೂರು ನಾಲ್ಕು ಅಂಗುಲ ಮಣ್ಣು ಮುಚ್ಚಿ ಮೇಲೊಂದು ಕಲ್ಲು ಹೇರಿ. ತುದಿ ಹೊರಗಿರಲಿ. ಮುಂದಿನ ವಸಂತಕ್ಕೆ ಬೇರು ಬಂದಿರುತ್ತದೆ. ತಾಯಿಗಿಡದಿಂದ ಕತ್ತರಿಸಿ ಬೇರೆಡೆ ನೆಡಿ. ಜೂನ್, ಜುಲೈ ತಿಂಗಳಲ್ಲಿ ಆರು ಅಂಗುಲದ ಎಳೆಯ ತುಂಡುಗಳನ್ನು ಒದ್ದೆ ಮರಳು ಮಿಶ್ರಣದಲ್ಲಿ ಊರಿದರೂ ಬೇರು ಬಿಡುತ್ತದೆ. ನಾನು ಹೀಗೆ ಮಾಡಿದ ಗಿಡಗಳು ಈಗ ನಾಲ್ಕು ಕನ್ನಡದ ಮನೆಗಳಲ್ಲಿ ಹೂ ಬಿಡುತ್ತಿವೆ.

ಇದರ ಇನ್ನೊಂದು ಮುಖವೂ ಇದೆ. ನೆಲ ಮುಟ್ಟಿದ ತುದಿಗಳು ತಾವಾಗಿಯೇ ಬೇರು ಬಿಟ್ಟು ಪೊದೆ ಹರಡುತ್ತದೆ. ಬೇಡದಿದ್ದರೆ ವರ್ಷಕ್ಕೊಮ್ಮೆ ಸುತ್ತ ನೋಡಿ ಕಿತ್ತುಹಾಕಿ.

ಜಿಂಕೆ, ಹುಳು, ರೋಗ?

ಜಿಂಕೆಗಳಿಗೆ ಇದು ಅಷ್ಟಾಗಿ ಇಷ್ಟವಲ್ಲ. ಹಸಿವು ಹೆಚ್ಚಾದ ಚಳಿಗಾಲದಲ್ಲಿ ತುದಿ ಕಡಿದಾವು, ಅಷ್ಟೇ. ಎಲೆಚುಕ್ಕೆ ಬಂದರೆ ಚಿಂತೆ ಬೇಡ. ಕಾಂಡದ ಮೇಲೆ ಒರಟು ಗಂಟುಗಳು ಎದ್ದಿದ್ದರೆ ಅದು ಶಿಲೀಂಧ್ರದ ಕೆಲಸ. ಗಂಟಿನಿಂದ ಕೆಲವು ಅಂಗುಲ ಕೆಳಗೆ ಕತ್ತರಿಸಿ ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ. ಪ್ರತಿ ಕಡಿತಕ್ಕೂ ಕತ್ತರಿಯನ್ನು ಆಲ್ಕೊಹಾಲಿನಲ್ಲಿ ಒರೆಸಿಕೊಳ್ಳಿ.

ಜೇನುನೊಣಗಳಿಗೆ ಉಪಯೋಗವಿದೆಯೇ?

ಹೆಚ್ಚಿಲ್ಲ. ಇಷ್ಟು ಹೂ ಇದ್ದರೂ ಮಕರಂದ ಕಡಿಮೆ. ಅದಕ್ಕೇ ನಾನು ಪಕ್ಕದಲ್ಲಿ ಒಂದು ಸ್ಪೈಸ್‌ಬುಷ್ ನೆಟ್ಟಿದ್ದೇನೆ. ಅದು ಇಲ್ಲಿಯದೇ ಗಿಡ, ಅದೇ ಹೊತ್ತಿಗೆ ಸಣ್ಣ ಹಳದಿ ಹೂ ಬಿಡುತ್ತದೆ, ಅದರ ಎಲೆ ತಿಂದು ಬೆಳೆಯುವ ಚಿಟ್ಟೆಯೇ ಇದೆ. ಜಾಗವಿದ್ದವರು ಎರಡನ್ನೂ ನೆಡಿ.

ಫಾರ್ಸಿಥಿಯಾ ಅರಳಿದಾಗ ಲಾನಿಗೆ ಮದ್ದು ಹಾಕಬೇಕು ಎನ್ನುತ್ತಾರಲ್ಲ?

ಕ್ರ್ಯಾಬ್‌ಗ್ರಾಸ್ ಎಂಬ ಕಳೆಯ ಬೀಜ ಮೊಳೆಯುವುದು ಮಣ್ಣು ಸುಮಾರು 55 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ. ಅದಕ್ಕೆ ಮುಂಚೆಯೇ ಮೊಳಕೆ ತಡೆಯುವ ಮದ್ದು ಬೀಳಬೇಕು. ಫಾರ್ಸಿಥಿಯಾ ಅರಳಿ ಹೂ ಉದುರತೊಡಗುವ ನಡುವಿನ ದಿನಗಳು ಅದಕ್ಕೆ ಹೊಂದುತ್ತವೆ. ಗುಲಾಬಿ ಸವರಲೂ ಇದೇ ಗುರುತು. ಮಳೆನಕ್ಷತ್ರ ನೋಡಿ ಬಿತ್ತುವ ನಮ್ಮವರಿಗೆ ಇಂಥ ಲೆಕ್ಕ ಹೊಸದಲ್ಲ. ಮಣ್ಣಿನ ಥರ್ಮಾಮೀಟರ್ ಇದ್ದರೆ ಅದನ್ನೂ ನೋಡಿಕೊಳ್ಳಿ.

ನವೆಂಬರ್‌ನಲ್ಲಿ ಕೆಲವು ಹೂ ಅರಳಿವೆ. ಗಿಡಕ್ಕೆ ತೊಂದರೆಯೇ?

ಶರತ್ಕಾಲ ಬೆಚ್ಚಗಿದ್ದರೆ ಹಾಗಾಗುತ್ತದೆ. ಅರಳಿದಷ್ಟು ಹೂ ವಸಂತಕ್ಕೆ ಕಡಿಮೆ, ಬೇರೇನೂ ಇಲ್ಲ.

ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಕುಂಡದಲ್ಲಿ ಬೆಳೆಯಬಹುದೇ?

ಗಿಡ್ಡ ತಳಿಯಾದರೆ 18 ಅಂಗುಲ ಅಗಲದ ಕುಂಡದಲ್ಲಿ ಬಾಲ್ಕನಿಯಲ್ಲಿ ಬೆಳೆಯಬಹುದು. ಚಳಿಗಾಲದಲ್ಲಿ ಕುಂಡದ ಮಣ್ಣು ಪೂರ್ತಿ ಹೆಪ್ಪುಗಟ್ಟುವುದರಿಂದ ಕುಂಡಕ್ಕೆ ಗೋಣಿ ಸುತ್ತಿ ಗೋಡೆಯ ಪಕ್ಕಕ್ಕೆ ಸರಿಸಿ. ಮನೆಯೊಳಗೆ ತರಬೇಡಿ, ಚಳಿ ಸಿಗದ ಗಿಡ ಹೂ ಬಿಡುವುದಿಲ್ಲ.

ಬೆಂಗಳೂರಿಗೆ ಒಂದು ಕಡ್ಡಿ ಒಯ್ದು ನೆಡಬಹುದೇ?

ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ, ಆಸೆ ನನಗೂ ಅರ್ಥವಾಗುತ್ತದೆ. ಆದರೆ ಬೇಡ. ವಿಮಾನದಲ್ಲಿ ಗಿಡ, ಕಡ್ಡಿ ಒಯ್ಯಲು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಒಯ್ದರೂ ವಾರಗಟ್ಟಲೆ ಚಳಿ ಇಲ್ಲದ ಬೆಂಗಳೂರಿನಲ್ಲಿ ಇದು ಹೂ ಬಿಡದು.

ಊರಿನಲ್ಲಿ ಇಂಥದ್ದೇ ನೋಟ ಬೇಕಿದ್ದರೆ ಅರಿಸಿನ ಬೂರುಗ ನೆಡಿ. ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಚಿಕ್ಕ ಮರ. ಅದೂ ಎಲೆ ಉದುರಿಸಿ, ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಬರಿಗೊಂಬೆಗಳ ತುದಿಯಲ್ಲಿ ಅಂಗೈಯಗಲದ ಹಳದಿ ಹೂ ಬಿಡುತ್ತದೆ. ಬೀಜದಿಂದ ಬರುತ್ತದೆ, ನೀರು ಬಸಿದುಹೋಗುವ ಮಣ್ಣು, ಪೂರ್ತಿ ಬಿಸಿಲು ಇದ್ದರೆ ಸಾಕು. ಬೀಜದ ಮೇಲಿನ ಹೊಟ್ಟು ಗಟ್ಟಿ, ಹಾಗಾಗಿ ಸ್ವಲ್ಪ ಉಜ್ಜಿ, ರಾತ್ರಿ ನೀರಿನಲ್ಲಿ ನೆನೆಸಿ, ಮಳೆಗಾಲ ಶುರುವಾಗುವ ಮುನ್ನ ಬಿತ್ತಿ.